ನರ್ಸರಿಯ ಇಕ್ಸೋರಾ ಮತ್ತು ಅಜ್ಜಿಯ ಕೇಪಳ ಒಂದೆಯೇ?

ಪ್ರಶ್ನೆ
ಕೇಳಿದವರು: ಹಿತ್ತಿಲಗಿಡ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ತವರುಮನೆ ಪುತ್ತೂರಿನ ಕಡೆಯದು. ಮನೆಯ ಹಿಂದಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗುಡ್ಡದಲ್ಲಿ ಮುಳಿಹುಲ್ಲಿನ ನಡುವೆ ಕೇಪಳದ ಗಿಡಗಳು ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆದಿರುತ್ತಿದ್ದವು. ಶಾಲೆಯಿಂದ ಬರುವಾಗ ಹೂವನ್ನು ಕಿತ್ತು ಅದರ ಕೊಳವೆಯ ಬುಡದಿಂದ ಜೇನು ಹೀರುವುದು, ಹಣ್ಣಿನ ಕಾಲದಲ್ಲಿ ಲಂಗದ ಮಡಿಲು ತುಂಬ ಹಣ್ಣು ಕೊಯ್ದು ತಿನ್ನುವುದು ನಮಗೆ ದಿನಚರಿಯೇ ಆಗಿತ್ತು. ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಅಜ್ಜಿ ಭರಣಿಯಲ್ಲಿ ಕಾದಿಟ್ಟ ಒಣ ಹೂವನ್ನು ತೆಗೆದು, ಅರೆದು ಮಜ್ಜಿಗೆಯಲ್ಲಿ ಕಲಸಿ ಅನ್ನಕ್ಕೆ ಹಾಕಿಕೊಳ್ಳುವ ತಂಬುಳಿ ಮಾಡುತ್ತಿದ್ದರು. ಅವರು ಮಾಡುತ್ತಿದ್ದ ಕ್ರಮವನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನನಗೆ ಆಗ ತೋಚಲಿಲ್ಲ.

ಎರಡು ವರ್ಷಗಳ ಹಿಂದೆ ಇಲ್ಲಿನ ಒಂದು ನರ್ಸರಿಯಲ್ಲಿ ‘ಇಕ್ಸೋರಾ’ ಎಂದು ಬರೆದಿದ್ದ ಗಿಡಗಳನ್ನು ಕಂಡು, ಇದು ನಮ್ಮ ಕೇಪಳವೇ ಎಂಬ ಸಂತೋಷದಿಂದ ಮೂರು ಗಿಡಗಳನ್ನು ತಂದು ಕಾಂಪೌಂಡ್ ಗೋಡೆಯ ಬದಿಗೆ ನೆಟ್ಟೆ. ಹೂವೇನೋ ಸಮೃದ್ಧವಾಗಿಯೇ ಬಿಡುತ್ತದೆ. ಒಂದೊಂದು ಗೊಂಚಲೂ ಬೊಗಸೆ ತುಂಬುವಷ್ಟು ದೊಡ್ಡದು. ಆದರೆ ಎಸಳುಗಳ ತುದಿ ದುಂಡಗಿದೆ, ಬಣ್ಣ ಕೆಂಪಿಗಿಂತ ಕಿತ್ತಳೆಗೆ ಹತ್ತಿರವಾಗಿದೆ, ಈ ಎರಡು ವರ್ಷಗಳಲ್ಲಿ ಒಂದು ಹಣ್ಣನ್ನೂ ಕಂಡಿಲ್ಲ. ಇತ್ತೀಚೆಗೆ ಚಿಗುರೆಲೆಗಳು ಹಳದಿಯಾಗತೊಡಗಿವೆ, ನರಗಳು ಮಾತ್ರ ಹಸಿರಾಗಿ ಉಳಿದಿವೆ. ನಾವು ಬಳಸುವುದು ಬೋರ್‌ವೆಲ್ ನೀರು.

ಇದು ಅಜ್ಜಿಯ ಕೇಪಳವೇ, ಅಥವಾ ಅದರ ದಾಯಾದಿಯೇ? ಇದರ ಹೂವಿನಿಂದ ತಂಬುಳಿ ಮಾಡಬಹುದೇ? ಮತ್ತೊಂದು ವಿಷಯವೂ ಇದೆ. ಮಗಳಿಗೆ ಮುಂದಿನ ತಿಂಗಳು ಹೆರಿಗೆ. ನಮ್ಮ ಬೀಗಿತ್ತಿ ಕಣ್ಣೂರಿನವರು; ಈ ಹೂವನ್ನು ಹಾಕಿ ಕಾಯಿಸಿದ ಎಣ್ಣೆಯನ್ನೇ ಮಗುವಿನ ಮೈಗೆ ಹಚ್ಚಬೇಕೆಂದು ಅವರು ಹೇಳುತ್ತಿದ್ದಾರೆ. ನನ್ನ ಗಿಡದ ಹೂವನ್ನು ಅದಕ್ಕೆ ಕೊಡಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1
ಬರೆದವರು: ಭರಣಿ (ಸುಳ್ಯ)

ನಮಸ್ಕಾರ ಅಕ್ಕ. ತಂಬುಳಿಯ ವಿಷಯವನ್ನು ನಾನು ಹೇಳುತ್ತೇನೆ, ಗಿಡದ ಕುಲಗೋತ್ರವನ್ನು ಬಲ್ಲವರು ಬೇರೆ ಯಾರಾದರೂ ಹೇಳಲಿ.

ನಮ್ಮಲ್ಲಿ ಹೂವನ್ನು ಬೇಸಿಗೆಯಲ್ಲಿಯೇ ಕೂಡಿಡುವುದು ಕ್ರಮ. ಗುಡ್ಡದಲ್ಲಿ ವರ್ಷವಿಡೀ ಅಲ್ಲೊಂದು ಇಲ್ಲೊಂದು ಗೊಂಚಲು ಇದ್ದೇ ಇರುತ್ತದೆಯಾದರೂ ಮಾರ್ಚ್‌ನಿಂದ ಮೇ ತನಕ ಅರಳುವಷ್ಟು ಮತ್ತೆಂದೂ ಅರಳುವುದಿಲ್ಲ. ಮಳೆ ಹಿಡಿದ ಮೇಲೆ ಕೊಯ್ದ ಹೂವು ಒಣಗುವ ಬದಲು ಕಪ್ಪಾಗಿ ಬೂಸಲು ಹಿಡಿಯುತ್ತದೆ. ಬೆಳಗಿನ ಇಬ್ಬನಿ ಆರಿದ ನಂತರ ಕೊಯ್ದು, ಇರುವೆಗಳನ್ನು ಕೊಡವಿ (ಕೇಪಳದ ಗೊಂಚಲಿನಲ್ಲಿ ಇರುವೆ ಇಲ್ಲದಿರುವುದುಂಟೇ!), ಗೊಂಚಲಿನಿಂದ ಬಿಡಿಸಿ, ಹಳೆಯ ಪಂಚೆಯ ಮೇಲೆ ತೆಳ್ಳಗೆ ಹರಡಿ ನೆರಳಿನಲ್ಲಿ ಒಣಗಿಸಬೇಕು. ಗರಿಗರಿಯಾದ ಮೇಲೆ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದರೆ ಮಳೆಗಾಲ ಪೂರ್ತಿ ಉಳಿಯುತ್ತದೆ. ಹೊಟ್ಟೆ ಕೆಡುವುದು ಹೆಚ್ಚಾಗಿ ಮಳೆಗಾಲದಲ್ಲಿಯೇ ಆದ್ದರಿಂದ ಹಿರಿಯರು ಈ ಏರ್ಪಾಟು ಮಾಡಿಕೊಂಡಿದ್ದರೆಂದು ಕಾಣುತ್ತದೆ.

ನಾಲ್ಕು ಜನರ ಊಟಕ್ಕೆ ಹಸಿ ಹೂವಾದರೆ ಒಂದು ದೊಡ್ಡ ಹಿಡಿ, ಒಣ ಹೂವಾದರೆ ಅದರ ಅರ್ಧ ಸಾಕು. ಬಾಣಲೆಯಲ್ಲಿ ಒಂದು ಚಮಚ ತುಪ್ಪ ಬಿಸಿ ಮಾಡಿ, ಅರ್ಧ ಚಮಚ ಜೀರಿಗೆ ಮತ್ತು ನಾಲ್ಕೈದು ಕಾಳುಮೆಣಸನ್ನು ಹಾಕಿ, ಜೀರಿಗೆ ಸಿಡಿಯುವಾಗ ಹೂವನ್ನು ಸೇರಿಸಿ, ಹಸಿ ವಾಸನೆ ಹೋಗಿ ಹೂವು ಮುದುಡುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಬೇಕು. ಇಲ್ಲಿ ಅವಸರ ಮಾಡಿ ಕರಟಿಸಿದರೆ ತಂಬುಳಿ ಕಹಿಯಾಗುತ್ತದೆ. ತಣಿದ ನಂತರ ಅರ್ಧ ಬಟ್ಟಲು ತೆಂಗಿನ ತುರಿಯೊಡನೆ ನುಣ್ಣಗೆ ಅರೆದು, ಹೆಚ್ಚು ಹುಳಿಯಿಲ್ಲದ ಮಜ್ಜಿಗೆಯನ್ನೂ ಉಪ್ಪನ್ನೂ ಬೆರೆಸಿದರೆ ಮುಗಿಯಿತು. ಕುದಿಸಬಾರದು, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ, ಅದನ್ನು ತಂಬುಳಿ ಎನ್ನಲೂ ಆಗುವುದಿಲ್ಲ. ಬಣ್ಣ ನಸುಗೆಂಪು, ರುಚಿಯಲ್ಲಿ ತುಸು ಒಗರು. ಹೊಟ್ಟೆ ಸರಿಯಿಲ್ಲದವರಿಗೆ ಬಡಿಸುವಾಗ ನನ್ನ ಅತ್ತೆ ತೆಂಗಿನ ತುರಿಯನ್ನು ಬಹಳ ಕಡಿಮೆ ಮಾಡಿ, ಅನ್ನವನ್ನು ಮೆತ್ತಗೆ ಮಾಡಿ, ಅದರ ಜೊತೆ ಬೇರೇನನ್ನೂ ಕೊಡುತ್ತಿರಲಿಲ್ಲ. ಹೂವು ಸಿಗದಿದ್ದರೆ ಕೇಪಳದ ಕುಡಿಯನ್ನೇ ಪೇರಳೆ ಕುಡಿ, ನೇರಳೆ ಕುಡಿಗಳೊಡನೆ ಸೇರಿಸಿ ಇದೇ ಕ್ರಮದಲ್ಲಿ ಮಾಡುವುದುಂಟು.

ನರ್ಸರಿಯಿಂದ ತಂದ ಗಿಡದ ಹೂವನ್ನು ಮಾತ್ರ ನಾನು ಅಡುಗೆಮನೆಗೆ ತರುವುದಿಲ್ಲ. ಅಲ್ಲಿ ಹಿಟ್ಟುತಿಗಣೆಗೆ ಯಾವ ಔಷಧ ಹೊಡೆದಿರುತ್ತಾರೋ ನಮಗೆ ತಿಳಿಯುವುದಿಲ್ಲ.

ಉತ್ತರ 2
ಬರೆದವರು: ಎಲೆಯೆಡೆ (ಶಿವಮೊಗ್ಗ)

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಮಾತು ಸ್ವಲ್ಪ ಉದ್ದವಾದರೆ ಮನ್ನಿಸಬೇಕು.

ತಾವು ಹೇಳಿದ ಲಕ್ಷಣಗಳಲ್ಲಿ ಎಸಳಿನ ತುದಿಯೇ ಮುಖ್ಯವಾದ ಸಾಕ್ಷಿ. ನಮ್ಮ ಗುಡ್ಡದ ಕೇಪಳ, ಅಂದರೆ ಇಕ್ಸೋರಾ ಕಾಕ್ಸಿನಿಯಾ, ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮೂಲನಿವಾಸಿ. ಅದರ ನಾಲ್ಕು ಎಸಳುಗಳೂ ಚೂಪಾಗಿರುತ್ತವೆ, ಮೊಗ್ಗು ಈಟಿಯ ಮೊನೆಯಂತಿರುತ್ತದೆ, ಎಲೆಗೆ ತೊಟ್ಟೇ ಇಲ್ಲವೆನ್ನುವಷ್ಟು ಅದು ರೆಂಬೆಗೆ ಅಂಟಿಕೊಂಡಿರುತ್ತದೆ, ಎಲೆಯ ಬುಡ ಹೃದಯದ ಆಕಾರಕ್ಕೆ ಸಮೀಪವಾಗಿರುತ್ತದೆ. ಎಸಳಿನ ತುದಿ ದುಂಡಗಿದ್ದು, ಎಲೆ ಬುಡದ ಕಡೆಗೆ ಕಿರಿದಾಗುತ್ತಾ ಗಿಡ್ಡ ತೊಟ್ಟಿನಲ್ಲಿ ಕೊನೆಗೊಂಡರೆ ಅದು ಇಕ್ಸೋರಾ ಚೈನೆನ್ಸಿಸ್. ಅದರ ತವರು ದಕ್ಷಿಣ ಚೀನಾ ಮತ್ತು ಆಗ್ನೇಯ ಏಷ್ಯಾ. ಇಂದು ನರ್ಸರಿಗಳಲ್ಲಿ ಬೇಲಿಗಿಡವಾಗಿ ಮಾರಾಟವಾಗುವುದರಲ್ಲಿ ಹೆಚ್ಚಿನವು ಈ ಚೀನೀ ಪ್ರಭೇದವೋ ಮಿಶ್ರತಳಿಗಳೋ ಕುಬ್ಜತಳಿಗಳೋ ಆಗಿರುತ್ತವೆ. ಅವುಗಳನ್ನು ಬಹುಕಾಲದಿಂದ ಕಡ್ಡಿಯಿಂದಲೇ ಬೆಳೆಸಿಕೊಂಡು ಬಂದಿರುವುದರಿಂದ ಹಣ್ಣು ಕಾಣುವುದೇ ಅಪರೂಪ. ಎಲೆಯ ತೊಟ್ಟನ್ನು ನೋಡಿ ಖಚಿತಪಡಿಸಿಕೊಳ್ಳಿ. ನನ್ನ ಊಹೆಯಂತೆ ತಮ್ಮಲ್ಲಿರುವುದು ದಾಯಾದಿಯೇ.

ಎಲೆ ಹಳದಿಯಾಗುವುದಕ್ಕೆ ರೋಗ ಕಾರಣವಲ್ಲ. ಈ ಗಿಡ ಕಾಫಿಯ ಕುಟುಂಬಕ್ಕೆ ಸೇರಿದ್ದು, ಕಾಫಿಯಂತೆಯೇ ಇದಕ್ಕೂ ಹುಳಿಮಣ್ಣು ಬೇಕು. ಕರಾವಳಿಯ ಮುರಕಲ್ಲಿನ ಮಣ್ಣು ಹುಳಿಯಾಗಿರುವುದರಿಂದ ಅಲ್ಲಿ ಅದಕ್ಕೆ ಯಾರ ಆರೈಕೆಯೂ ಬೇಡ. ಗಡಸಾದ ಬೋರ್‌ವೆಲ್ ನೀರನ್ನು ಎರಡು ವರ್ಷ ಹಾಕಿದಾಗ, ಅದರ ಮೇಲೆ ಕಾಂಪೌಂಡ್ ಗೋಡೆಯ ಸಿಮೆಂಟಿನ ಸುಣ್ಣದಂಶವೂ ಮಳೆನೀರಿನೊಡನೆ ಬುಡಕ್ಕೆ ಇಳಿದಾಗ, ಮಣ್ಣು ಕ್ಷಾರವಾಗುತ್ತದೆ. ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದು ಕಬ್ಬಿಣದ ಕೊರತೆಯ ಗುರುತು. ಗಿಡವನ್ನು ಗೋಡೆಯಿಂದ ಮೂರಡಿಯಾದರೂ ದೂರಕ್ಕೆ ಸರಿಸಿ, ಗುಂಡಿಗೆ ಎಲೆಗೊಬ್ಬರ ಮತ್ತು ಕೆಮ್ಮಣ್ಣು ತುಂಬಿ, ಸಾಧ್ಯವಾದಷ್ಟು ಮಳೆನೀರನ್ನೇ ಉಣಿಸಿ. ತುರ್ತಾಗಿ ಚೇತರಿಸಬೇಕಾದರೆ ಕೃಷಿ ಅಂಗಡಿಗಳಲ್ಲಿ ದೊರೆಯುವ ಚಿಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ), ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಎಲೆಗಳಿಗೆ ಸಿಂಪಡಿಸಬಹುದು. ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಬುಡಕ್ಕೆ ಹಾಕಲೇಬೇಡಿ. ಗಿಡಕ್ಕೆ ಬೂದಿ ಒಳ್ಳೆಯದೆಂಬ ಮಾತು ಈ ಗಿಡದ ಮಟ್ಟಿಗೆ ಹಾನಿಯನ್ನೇ ಮಾಡುತ್ತದೆ.

ಭರಣಿಯವರು ಬರೆದ ತಂಬುಳಿಯ ಕ್ರಮವನ್ನು ಓದುವಾಗ ಒಂದು ವಿಷಯ ನೆನಪಾಯಿತು. ಕೊಂಕಣದಲ್ಲಿ ಈ ಹೂವನ್ನು ತುಪ್ಪದಲ್ಲಿ ಹುರಿದು, ಜೀರಿಗೆ ಮತ್ತು ನಾಗಕೇಸರಗಳೊಡನೆ ಅರೆದು, ಬೆಣ್ಣೆ ಕಲ್ಲುಸಕ್ಕರೆಗಳಲ್ಲಿ ಉಂಡೆ ಕಟ್ಟಿ ಆಮಶಂಕೆಗೆ ಕೊಡುತ್ತಿದ್ದುದನ್ನು 19ನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟಿಷ್ ವೈದ್ಯರು ದಾಖಲಿಸಿದ್ದಾರೆ. ತುಪ್ಪದಲ್ಲಿ ಹುರಿಯುವುದು, ಜೀರಿಗೆ ಸೇರಿಸುವುದು, ಹೊಟ್ಟೆಯ ಕಾಯಿಲೆಗೆ ಕೊಡುವುದು ಮೂರೂ ಅಲ್ಲಿ ಹಾಗೆಯೇ ಇವೆ. ಸುಳ್ಯದ ಅಡುಗೆಮನೆಯಲ್ಲಿ ಉಂಡೆಯ ಬದಲು ಮಜ್ಜಿಗೆ ಬಂದಿದೆ, ಅಷ್ಟೇ. ಅದಕ್ಕೂ ಎರಡು ಶತಮಾನ ಹಿಂದೆ, ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಪ್ರಕಟವಾದ ಮಲಬಾರಿನ ಸಸ್ಯಗಳ ಗ್ರಂಥ ಹೊರ್ತುಸ್ ಮಲಬಾರಿಕುಸ್‌ನಲ್ಲಿ ಈ ಗಿಡ ‘ಚೆತ್ತಿ’ ಎಂಬ ಮಲಯಾಳದ ಹೆಸರಿನಲ್ಲಿಯೇ ಇದೆ. ಆ ಕೆಲಸಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯರೊಡನೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರೂ ಇದ್ದರು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ 1753ರಲ್ಲಿ ಇಟ್ಟ ಇಕ್ಸೋರಾ ಎಂಬ ಹೆಸರಂತೂ ‘ಈಶ್ವರ’ ಎಂಬ ನಮ್ಮ ಪದವೇ ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡ ರೂಪ. ನಮ್ಮ ಗುಡ್ಡದ ಹೂವು ಈಶ್ವರನ ಹೆಸರನ್ನು ಹೊತ್ತು ಲೋಕ ಸುತ್ತಿ, ಈಗ ನಮ್ಮ ನರ್ಸರಿಗಳಿಗೆ ವಿದೇಶಿ ಹೆಸರಿನ ಗಿಡವಾಗಿ ಮರಳಿರುವುದು ವಿನೋದವೇ ಸರಿ.

ಕುಂದಾಪುರದ ಕಡೆಯ ‘ಕಿಸ್ಕಾರ’ ಎಂಬ ಹೆಸರೂ ನನಗೆ ಬಲು ಪ್ರಿಯ. ಹಳಗನ್ನಡದಲ್ಲಿ ‘ಕಿಸು’ ಎಂದರೆ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲಿನಲ್ಲಿ ಇರುವುದೂ ಅದೇ. ಕಿಸ್ಕಾರದಲ್ಲಿಯೂ ಆ ಕೆಂಪೇ ಉಳಿದುಕೊಂಡಿದೆಯೆಂದು ನನ್ನ ನಂಬಿಕೆ. ತಮಿಳರು ಇದನ್ನು ವೆಟ್ಚಿ ಎನ್ನುತ್ತಾರೆ. ತಮಿಳಿನ ಹಳೆಯ ವ್ಯಾಕರಣಗ್ರಂಥವಾದ ತೊಲ್ಕಾಪ್ಪಿಯಂ ಹೇಳುವ ಪ್ರಾಚೀನ ಪದ್ಧತಿಯಲ್ಲಿ ಶತ್ರುವಿನ ದನಗಳನ್ನು ಹೊಡೆದುಕೊಂಡು ಬರಲು ಹೊರಟವರಿಗೆ ಈ ಹೂವಿನ ಮಾಲೆಯೇ ಗುರುತು. ದನಗಳಿಗಾಗಿ ನಡೆದ ಕಾಳಗಗಳಲ್ಲಿ ಮಡಿದವರಿಗೆ ನಿಲ್ಲಿಸಿದ ನಮ್ಮ ತುರುಗೊಳ್ ವೀರಗಲ್ಲುಗಳನ್ನು ನೋಡುವಾಗಲೆಲ್ಲ ನನಗೆ ಆ ಮಾಲೆ ನೆನಪಾಗುತ್ತದೆ.

ಉತ್ತರ 3
ಬರೆದವರು: ಪಯಸ್ವಿನಿ ತೀರ (ಕಾಸರಗೋಡು)

ಎಣ್ಣೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕನ್ನಡ, ತುಳು, ಮಲಯಾಳಗಳು ಒಂದೇ ಅಂಗಳದಲ್ಲಿ ಮಾತಾಡಿಕೊಳ್ಳುವ ಊರು ನಮ್ಮದು. ಹೂವೊಂದೇ ಆದರೂ ನಾವು ಕೇಪಳ ಎನ್ನುತ್ತೇವೆ, ತುಳುವರು ಕೇಪುಲ ಎನ್ನುತ್ತಾರೆ, ನೆರೆಮನೆಯವರು ಚೆಕ್ಕಿ ಎನ್ನುತ್ತಾರೆ, ತೆಂಕಣ ಕೇರಳದವರು ಚೆತ್ತಿ ಅಥವಾ ತೆಚ್ಚಿ ಎನ್ನುತ್ತಾರೆ. ತಮ್ಮ ಬೀಗಿತ್ತಿಯವರು ಹೇಳಿದ್ದು ಕೇರಳದಲ್ಲಿ ಮನೆಮನೆಯ ಕ್ರಮವೇ. ಕೂಸಿನ ಮೈಮೇಲೆ ಬರುವ, ಅಲ್ಲಿ ‘ಕರಪ್ಪನ್’ ಎಂದು ಕರೆಯುವ ಗುಳ್ಳೆ ತುರಿಕೆಗಳಿಗೆಂದು ಚೆತ್ತಿ ಹೂವನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಗಾಣದ ತೆಂಗಿನೆಣ್ಣೆಗೆ ಬಾಡಿಸಿದ ಹೂವನ್ನೂ ನಾಲ್ಕು ತುಳಸಿ ಎಲೆಗಳನ್ನೂ ಹಾಕಿ, ಸಣ್ಣ ಉರಿಯಲ್ಲಿ ನೀರಿನಂಶದ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸುತ್ತಿದ್ದರು. ಸದ್ದು ನಿಲ್ಲುವ ಮೊದಲೇ ಇಳಿಸಿದರೆ ಎಣ್ಣೆ ಕೆಲವೇ ದಿನಗಳಲ್ಲಿ ಕಮಟುತ್ತದೆ.

ಭರಣಿಯವರ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ದೇವಸ್ಥಾನಗಳ ಹೂದೋಟಗಳಲ್ಲಿ, ಮನೆಯಂಗಳಗಳಲ್ಲಿ ನೆಟ್ಟು ಬೆಳೆಸಿದ ಕೇಪಳವನ್ನು ನಮ್ಮವರು ತಲೆಮಾರುಗಳಿಂದ ಬಳಸಿದ್ದಾರೆ. ತೋಟದ ಗಿಡವೆಂದ ಮಾತ್ರಕ್ಕೆ ಅದು ಕೀಳಲ್ಲ. ಹೂವು ಚೂಪಾದ ಎಸಳಿನದ್ದಾಗಿರಬೇಕು, ಔಷಧ ಸಿಂಪಡಿಸಿರಬಾರದು, ಇಷ್ಟೇ ನನ್ನ ಷರತ್ತು. ಚೀನೀ ಜಾತಿಯ ಹೂವನ್ನು ನಾವು ದೇವಿಯ ಮಾಲೆಗೆ ಧಾರಾಳವಾಗಿ ಕಟ್ಟುತ್ತೇವೆ, ಎಣ್ಣೆಗೂ ಅಡುಗೆಗೂ ತೆಗೆದುಕೊಳ್ಳುವುದಿಲ್ಲ. ಕಾರಣ ಕೇಳಿದರೆ ಅಮ್ಮ ಹೇಳುತ್ತಿದ್ದುದು, ಅದನ್ನು ತಿಂದು ನೋಡಿದ ಹಿರಿಯರು ನಮಗಿಲ್ಲ ಎಂದು. ಅದಕ್ಕಿಂತ ಒಳ್ಳೆಯ ಕಾರಣ ನನಗೂ ಬೇಕೆನಿಸಿಲ್ಲ.

ಪೂಜೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಕೇರಳದ ಗುಡಿಗಳಲ್ಲಿ ತುಳಸಿಯ ಜೊತೆಗೆ ನಿತ್ಯಪೂಜೆಗೆ ಬರುವ ಹೂವು ಚೆತ್ತಿ. ಭಗವತಿಗೆ ಸಲ್ಲಿಸುವ ರಕ್ತಪುಷ್ಪಾಂಜಲಿಯಲ್ಲಿಯೂ ಅದು ಇರುತ್ತದೆ. ಉತ್ತರ ಕೇರಳದ ದೈವಾರಾಧನೆಯ ಕುಣಿತವಾದ ತೆಯ್ಯದ ಮುಡಿಯಲ್ಲಿ ಚೆಕ್ಕಿ ಹೂವು ಕೆಂಪಗೆ ತುಂಬಿರುವುದನ್ನು ಪಂಜಿನ ಬೆಳಕಿನಲ್ಲಿ ನೋಡಿದವರು ಮರೆಯಲಾರರು. ತುಳುನಾಡಿನ ದೈವಗಳ ಅಲಂಕಾರದಲ್ಲಿಯೂ ಕೇಪುಲಕ್ಕೆ ಸ್ಥಾನವಿದೆ. ನೇಮದ (ದೈವದ ವಾರ್ಷಿಕ ಉತ್ಸವದ) ಕಾಲವೂ ಈ ಹೂವು ತುಂಬಿ ಅರಳುವ ಬೇಸಿಗೆಯೂ ಜೊತೆಯಾಗಿಯೇ ಬರುವುದರಿಂದ, ಹಿಂದಿನ ದಿನ ಬುಟ್ಟಿ ಹಿಡಿದು ಗುಡ್ಡ ಹತ್ತುವುದು ಹುಡುಗರ ಪಾಲಿನ ಕೆಲಸವಾಗಿತ್ತು. ಗುಡ್ಡಗಳಲ್ಲಿ ರಬ್ಬರ್ ಬಂದ ಮೇಲೆ ಈಗ ಹೂವನ್ನು ಹುಡುಕಬೇಕಾಗಿದೆ.

ಉತ್ತರ 4
ಬರೆದವರು: ಕಷಾಯ (ಉಡುಪಿ)

ಆಯುರ್ವೇದ ವೈದ್ಯೆಯಾಗಿ ಎರಡು ಮಾತುಗಳನ್ನು ಸೇರಿಸಬೇಕಾಗಿದೆ. ಒಗರು ರಸವುಳ್ಳ ಹೂವು, ಮಜ್ಜಿಗೆ, ಜೀರಿಗೆ ಇವು ಸೇರಿದ ತಂಬುಳಿ ದೊಡ್ಡವರ ಸಣ್ಣಪುಟ್ಟ ಅತಿಸಾರದಲ್ಲಿ ಹಿತವಾದ ಆಹಾರ. ಆದರೆ ಚಿಕ್ಕ ಮಕ್ಕಳಿಗೆ ಭೇದಿಯಾದಾಗ ಅಪಾಯ ಬರುವುದು ಮೈಯ ನೀರು, ಲವಣಗಳು ಕಳೆದುಹೋಗುವುದರಿಂದ. ಅಲ್ಲಿ ಮೊದಲು ಕೊಡಬೇಕಾದದ್ದು ಓಆರ್‌ಎಸ್ ದ್ರಾವಣ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಂಬುಳಿ ಅರೆಯುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ನವಜಾತ ಶಿಶುವಿನ ಚರ್ಮ ಬಹಳ ತೆಳುವಾದದ್ದು. ಎಣ್ಣೆ ಕಾಯಿಸುವುದಿದ್ದರೂ ಮಕ್ಕಳ ವೈದ್ಯರನ್ನು ಕೇಳಿದ ನಂತರವೇ ಹಚ್ಚಿ. ಅವರು ಒಪ್ಪಿದರೂ ಮೊದಲು ಕಾಲಿನ ಮೇಲೆ ಒಂದಿಷ್ಟು ಜಾಗದಲ್ಲಿ ಹಚ್ಚಿ ಒಂದು ದಿನ ಕಾದು ನೋಡಿ. ಒಡೆದ, ರಸ ಒಸರುವ ಗುಳ್ಳೆಗಳ ಮೇಲೆ ಯಾವ ಎಣ್ಣೆಯನ್ನೂ ಹಾಕಬೇಡಿ. ಹೆಸರಿನ ಬಗೆಗೂ ಒಂದು ಎಚ್ಚರಿಕೆ: ಸಂಸ್ಕೃತದ ‘ಬಂಧೂಕ’ ಎಂಬುದನ್ನು ಕೆಲವರು ಕೇಪಳವೆಂದೂ ಕೆಲವರು ಮಧ್ಯಾಹ್ನ ಅರಳುವ ಪೆಂಟಪೀಟಿಸ್ ಎಂಬ ಬೇರೆಯದೇ ಗಿಡವೆಂದೂ ಗುರುತಿಸುತ್ತಾರೆ. ಆದ್ದರಿಂದ ಬಂಧೂಕದ ಗುಣಗಳನ್ನು ಎಲ್ಲಿಯಾದರೂ ಓದಿ ಕೇಪಳಕ್ಕೆ ಹಾಗೆಯೇ ಹಚ್ಚಿಬಿಡಬಾರದು.

ಪ್ರತಿಕ್ರಿಯೆ
ಬರೆದವರು: ಹಿತ್ತಿಲಗಿಡ (ಬೆಂಗಳೂರು)

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದಂತೆ ಇಂದು ಬೆಳಗ್ಗೆ ಎಲೆಗಳನ್ನು ತಿರುಗಿಸಿ ನೋಡಿದೆ. ಗಿಡ್ಡ ತೊಟ್ಟು ಸ್ಪಷ್ಟವಾಗಿಯೇ ಇದೆ, ಎಲೆಯ ಬುಡ ಕಿರಿದಾಗಿದೆ. ಹೃದಯದ ಆಕಾರದ ಸುಳಿವೂ ಇಲ್ಲ. ದಾಯಾದಿ ಎಂಬುದು ಸಾಬೀತಾಯಿತು. ಅದರ ಮೇಲೆ ನನಗೇನೂ ಸಿಟ್ಟಿಲ್ಲ; ಗೋಡೆಯಿಂದ ದೂರ ಸರಿಸಿ, ದೇವರ ಪಟಕ್ಕೆ ಹೂವು ಕೊಡುವ ಗಿಡವಾಗಿ ಉಳಿಸಿಕೊಳ್ಳುತ್ತೇನೆ. ಎಣ್ಣೆಯ ವಿಷಯದಲ್ಲಿ ಬೀಗಿತ್ತಿಯವರೊಡನೆ ಮಾತಾಡಿದೆ. ಮಗುವಿನ ವೈದ್ಯರು ಒಪ್ಪಿದ ಮೇಲೆ ಅವರೇ ಊರಿನಿಂದ ಹೂವು ತರುವುದಾಗಿ ಹೇಳಿದ್ದಾರೆ.

ಮಳೆಗಾಲದಲ್ಲಿ ತವರಿಗೆ ಹೋಗುವವಳಿದ್ದೇನೆ. ಅಲ್ಲಿಂದ ನಿಜವಾದ ಕೇಪಳವನ್ನು ತಂದು ಇಲ್ಲಿ ಕುಂಡದಲ್ಲಿ ಬದುಕಿಸಬೇಕಾದರೆ ಕಡ್ಡಿ ತರುವುದು ಒಳ್ಳೆಯದೇ, ಗಿಡವನ್ನೇ ಕೀಳುವುದು ಒಳ್ಳೆಯದೇ?

ಉತ್ತರ 5
ಬರೆದವರು: ಭರಣಿ (ಸುಳ್ಯ)

ಅಕ್ಕ, ಬೆಳೆದ ಗಿಡವನ್ನು ಮಾತ್ರ ಕೀಳಬೇಡಿ. ಅದರ ಬೇರು ಮುರಕಲ್ಲಿನ ಸಂದುಗಳಲ್ಲಿ ಇಳಿದಿರುತ್ತದೆ. ಪಿಕ್ಕಾಸಿನಿಂದ ಅಗೆದರೂ ಅರ್ಧ ಬೇರು ಅಲ್ಲಿಯೇ ತುಂಡಾಗಿ ಉಳಿಯುತ್ತದೆ, ಗಿಡವೂ ಬದುಕುವುದಿಲ್ಲ, ಗುಡ್ಡದಲ್ಲಿಯೂ ಒಂದು ಕಡಿಮೆಯಾಗುತ್ತದೆ. ಪೆನ್ಸಿಲ್‌ನಷ್ಟು ದಪ್ಪದ, ಹೂವಿಲ್ಲದ ರೆಂಬೆಗಳನ್ನು ಗೇಣುದ್ದಕ್ಕೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಬುಡಕ್ಕೆ ಒದ್ದೆ ಗೋಣಿಯ ಚೂರನ್ನು ಸುತ್ತಿ ಬಾಳೆಲೆಯಲ್ಲಿ ಕಟ್ಟಿಕೊಂಡು ಹೋಗಿ. ಹತ್ತು ಕಡ್ಡಿ ಊರಿದರೆ ಮೂರೋ ನಾಲ್ಕೋ ಬೇರು ಬಿಟ್ಟಾವು ಎಂದು ಲೆಕ್ಕ ಹಾಕಿಕೊಳ್ಳಿ. ಗುಡ್ಡದ ಗಿಡ ನರ್ಸರಿಯದರಷ್ಟು ಸುಲಭವಾಗಿ ಮಣಿಯುವುದಿಲ್ಲ.

ಕಪ್ಪಗೆ ಹಣ್ಣಾದ ಕೇಪಳ ಆ ಹೊತ್ತಿಗೆ ಸಿಕ್ಕಿದರೆ ಅದನ್ನೂ ಒಂದು ಹಿಡಿ ಒಯ್ಯಿರಿ. ತಿರುಳನ್ನು ಮೊಮ್ಮಗುವಿನ ಅಮ್ಮನಿಗೆ ತಿನ್ನಲು ಕೊಟ್ಟು, ಬೀಜವನ್ನು ತೊಳೆದು ಕೂಡಲೇ ಬಿತ್ತಬೇಕು, ಒಣಗಿಸಿ ಇಡಬಾರದು. ಕುಂಡಕ್ಕೆ ಹಾಕಲು ನಿಮ್ಮ ಗುಡ್ಡದ ಮಣ್ಣನ್ನೇ ಒಂದು ಚೀಲ ತುಂಬಿ ಬಸ್ಸಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಕಂಡಕ್ಟರು ಏನೆಂದು ಕೇಳಿದರೆ ಅಕ್ಕಿ ಎನ್ನಬೇಡಿ, ಒಂದು ಸಲ ನಾನು ಹಾಗೆಂದು ಚೀಲ ಬಿಚ್ಚಿ ತೋರಿಸಬೇಕಾಯಿತು.